ಸಾಕೆನ್ನುವ ಅಧಿಕಾರ

ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯಲ್ಲಿ ಸೀಬಿಯ ನರಸಿಂಹಸ್ವಾಮಿ ಗುಡಿಯನ್ನು ದಾಟಿ ಮುಂದೆ ಹೋದರೆ ಕಳ್ಳಂಬೆಳ್ಳ ಸಿಕ್ಕುತ್ತದೆ. ರಸ್ತೆ ಅಗಲವಾದ ಮೇಲೆ ಬಸ್ಸು ಕಾರುಗಳು ಊರಿನ ಕಡೆ ಮುಖ ತಿರುಗಿಸದೆ ಓಡುತ್ತವೆ. ಊರಿಗೆ ಒಂದು ದೊಡ್ಡ ಕೆರೆಯುಂಟು. ಮಳೆ ಕೈಕೊಟ್ಟ ವರ್ಷಗಳಲ್ಲಿ ಅದರ ಅಂಗಳದಲ್ಲಿ ಜಾಲಿಯ ಗಿಡಗಳೂ ಮೇಯುವ ಕುರಿಗಳೂ ಕಾಣುತ್ತವೆ. ಮಳೆ ಬಂದು, ನಾಲೆಯಲ್ಲಿ ಹೇಮಾವತಿಯ ನೀರೂ ಬಂದ ವರ್ಷ ಅದೇ ಅಂಗಳ ಸಮುದ್ರವಾಗುತ್ತದೆ. ಬಯಲುಸೀಮೆಯವರಾದ ನಮ್ಮ ಪಾಲಿಗೆ ಸಮುದ್ರವೆಂದರೆ ಅಷ್ಟೆ.

ಅದು ನನ್ನ ತಾಯಿಯ ತವರೂರು. ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬರುವುದನ್ನು ರೂಢಿಸಿಕೊಂಡಿದ್ದೇನೆ. ನಿವೃತ್ತರಿಗೆ ಒಂದೊಂದು ಹುಚ್ಚು ಇರಬೇಕಾದದ್ದು ಸಹಜ. ಕೆಲವರು ಗುಲಾಬಿ ಬೆಳೆಯುತ್ತಾರೆ, ಕೆಲವರು ಪತ್ರಿಕೆಗಳ ಸಂಪಾದಕರಿಗೆ ಕಾಗದ ಬರೆಯುತ್ತಾರೆ. ನಾನು ಬೆಸುಗೆ ಕಡ್ಡಿ ಹಿಡಿದು ಕೂರುತ್ತೇನೆ. ಕೆಟ್ಟ ರೇಡಿಯೊ ಬಿಚ್ಚುವುದು, ಸತ್ತ ಎಮರ್ಜೆನ್ಸಿ ದೀಪಕ್ಕೆ ಜೀವ ಕೊಡುವುದು, ಇವೆಲ್ಲ ನನ್ನ ವಿನೋದಗಳು. ಆ ವಿನೋದದಿಂದಲೇ ಒಂದು ಧರ್ಮಸೂಕ್ಷ್ಮದಲ್ಲಿ ಸಿಕ್ಕಿಬಿದ್ದೆ. ಆ ಸಂಗತಿಯನ್ನು ವಾಚಕರ ಮುಂದಿಡಬೇಕೆಂದು ಈ ಬರಹ.

ನಾಲ್ಕೈದು ವರ್ಷದ ಹಿಂದೆ ಕೆರೆ ತುಂಬಿತು. ಮೀನುಮರಿ ಬಿಟ್ಟರು, ಹರಿಗೋಲುಗಳು ನೀರಿಗಿಳಿದವು. ಈಗಿನ ಹರಿಗೋಲು ಬಿದಿರು ಚರ್ಮದ್ದಲ್ಲ, ಫೈಬರಿನದು. ಆದರೂ ದುಂಡಗೆ ಇರುವ ಆ ಬುಟ್ಟಿ ಹಿಂದಿನಂತೆಯೇ ಗಿರ್ರೆಂದು ತಿರುಗುತ್ತದೆ. ಹುಟ್ಟು ಹಾಕಲು ಬಾರದವನನ್ನು ಅದು ಯಾವ ದಡಕ್ಕೂ ಮುಟ್ಟಿಸುವುದಿಲ್ಲ. ಸಂಜೆ ಬಲೆ ಬಿಟ್ಟು ಬಂದು, ಬೆಳಗಿನ ಜಾವ ಮೂರು ನಾಲ್ಕು ಗಂಟೆಗೆ ಹೋಗಿ ಎತ್ತುವುದು ಅಲ್ಲಿಯ ಪದ್ಧತಿ. ನನಗೆ ಪರಿಚಯದ ಒಬ್ಬ ಯಜಮಾನ ಒಂದು ದಿನ ಮನೆಗೆ ಬಂದು, "ಮೇಷ್ಟ್ರೇ, ಹರಿಗೋಲಿಗೊಂದು ದೀಪ ಆಗಬೇಕಲ್ಲ. ಮೊಬೈಲ್ ಬೆಳಕು ಸಾಲದು. ಸೋಲಾರ್ ಪ್ಲೇಟು ಒಂದು ಮನೇಲೈತೆ" ಎಂದರು. ಇಪ್ಪತ್ತು ವ್ಯಾಟಿನ ಪ್ಲೇಟು, ಯಾವುದೋ ಯೋಜನೆಯಲ್ಲಿ ಬಂದದ್ದು, ಅಟ್ಟದ ಮೇಲೆ ಧೂಳು ಹಿಡಿದು ಬಿದ್ದಿತ್ತು. ಬ್ಯಾಟರಿಯೊಂದನ್ನು ಅವರು ಕೊಳ್ಳುವುದು, ಮಿಕ್ಕಿದ್ದನ್ನು ನಾನು ಮಾಡಿಕೊಡುವುದು ಎಂದು ಮಾತಾಯಿತು.

ಪ್ಲೇಟು ಮತ್ತು ಬ್ಯಾಟರಿಯ ನಡುವೆ ಒಂದು ಪೆಟ್ಟಿಗೆ ಇರಬೇಕು. ಚಾರ್ಜ್ ಕಂಟ್ರೋಲರ್ ಎಂದು ಅದಕ್ಕೆ ಹೆಸರು. ಅದರ ಕೆಲಸವೇನೆಂದು ಕೇಳಿದ ಯಜಮಾನರಿಗೆ ನಾನು ವೋಲ್ಟು ಆಂಪಿಯರುಗಳ ಪಾಠ ಹೇಳಲಿಲ್ಲ. ಏರಿಯ ಮೇಲೆ ನಿಂತು ಕೆರೆಯನ್ನೇ ತೋರಿಸಿದೆ. ಕೆರೆಗೆ ಕೋಡಿ ಏಕೆ? ತುಂಬಿದ ಮೇಲೆ ಬರುವ ನೀರು ಏರಿಯನ್ನು ಒಡೆಯದೆ ಪಕ್ಕಕ್ಕೆ ಹರಿದುಹೋಗಲೆಂದು. ಬ್ಯಾಟರಿಯೂ ಹಾಗೆಯೇ. ಹನ್ನೆರಡು ವೋಲ್ಟಿನ ಸೀಸದ ಬ್ಯಾಟರಿ ಹದಿನಾಲ್ಕೂವರೆ ವೋಲ್ಟಿನ ಸುಮಾರಿಗೆ ಬಂದ ಮೇಲೂ ತುಂಬುತ್ತಲೇ ಹೋದರೆ ಒಳಗಿನ ನೀರು ಜಲಜನಕ ಆಮ್ಲಜನಕಗಳಾಗಿ ಒಡೆದು ಬತ್ತುತ್ತದೆ. ಪೆಟ್ಟಿಗೆ ಅಲ್ಲಿ ಕೋಡಿಯಾಗುತ್ತದೆ. ಇನ್ನು ತೂಬು. ತೂಬಿನ ಹೊಸಲಿಗಿಂತ ಕೆಳಗೆ ಕೆರೆಯಲ್ಲಿ ಒಂದಿಷ್ಟು ನೀರು ಎಂದಿಗೂ ಹೊರಗೆ ಹೋಗದೆ ನಿಲ್ಲುತ್ತದೆ; ಮೀನಿಗೆ, ದನಕ್ಕೆ, ಬಾವಿಗಳ ಸೆಲೆಗೆ ಅದು ಆಧಾರ. ಬ್ಯಾಟರಿಯಲ್ಲಿಯೂ ಹಾಗೆ ಒಂದು ತಳ ಉಳಿಯಬೇಕು. ಪೂರ್ತಿ ಬಸಿದು ಹಾಗೆಯೇ ಬಿಟ್ಟರೆ ಸೀಸದ ಹಲ್ಲೆಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂತು, ಮುಂದೆ ಎಷ್ಟು ಬಿಸಿಲು ಕುಡಿಸಿದರೂ ಅದು ತುಂಬದು. ಆದ್ದರಿಂದ ಹನ್ನೊಂದೂವರೆ ವೋಲ್ಟಿನ ಹತ್ತಿರ ಇಳಿದಾಗ ಪೆಟ್ಟಿಗೆ ದೀಪದ ತಂತಿಯನ್ನೇ ಕಡಿದು, ಇನ್ನು ಸಾಕು ಎನ್ನುತ್ತದೆ. ಯಜಮಾನರು ತಲೆದೂಗಿ, "ನೀರುಗಂಟಿ ಕೆಲಸ ಅನ್ನಿ" ಎಂದರು. ನನಗೆ ಬಲು ಸಂತೋಷವಾಯಿತು. ಮೂವತ್ತೈದು ವರ್ಷ ಪಾಠ ಹೇಳಿದ್ದರಲ್ಲಿ ಇಷ್ಟು ಬೇಗ ವಿಷಯ ಹಿಡಿದ ವಿದ್ಯಾರ್ಥಿಗಳು ಕಡಿಮೆ.

ಪೆಟ್ಟಿಗೆಯನ್ನು ಆರಿಸುವ ವಿಚಾರಕ್ಕೆ ಬರುತ್ತೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಬಲ್ಲವರಿಗೆ ನಾನು ಅದರ ವರ್ಣನೆ ಮಾಡಬೇಕಾಗಿಲ್ಲ. ಬಾರದವರಿಗೆ ಮಾಡಿ ಪ್ರಯೋಜನವಿಲ್ಲ. ಅಲ್ಲಿ ಎರಡು ಜಾತಿಯ ಕಂಟ್ರೋಲರುಗಳು ಸಿಕ್ಕುತ್ತವೆ. ಪಿ.ಡಬ್ಲ್ಯು.ಎಂ. ಎಂಬುದು ಬಡವರ ಜಾತಿ. ಅದು ಪ್ಲೇಟನ್ನು ನೇರವಾಗಿ ಬ್ಯಾಟರಿಗೆ ಕಟ್ಟಿ, ತುಂಬುತ್ತಾ ಬಂದಂತೆ ಕ್ಷಣಕ್ಕೆ ಹಲವು ಬಾರಿ ತೆರೆದು ಮುಚ್ಚಿ ಹರಿವನ್ನು ಮಿತಿಯಲ್ಲಿಡುತ್ತದೆ. ಮೂವತ್ತಾರು ಬಿಲ್ಲೆಗಳ ಪ್ಲೇಟು ಹದಿನೇಳೆಂಟು ವೋಲ್ಟಿನಲ್ಲಿ ತನ್ನ ಪೂರ್ಣ ಶಕ್ತಿಯನ್ನು ಕೊಡಬಲ್ಲದು. ಈ ಪೆಟ್ಟಿಗೆ ಅದನ್ನು ಬ್ಯಾಟರಿಯ ಹದಿಮೂರಕ್ಕೆ ಎಳೆದು ತಗ್ಗಿಸುವುದರಿಂದ ಮಿಕ್ಕದ್ದು ನಷ್ಟ. ಎಂ.ಪಿ.ಪಿ.ಟಿ. ಎಂಬುದು ಅನುಕೂಲಸ್ಥರ ಜಾತಿ. ಅದು ಹೆಚ್ಚಿನ ವೋಲ್ಟನ್ನು ಹೆಚ್ಚಿನ ಪ್ರವಾಹವನ್ನಾಗಿ ಬದಲಾಯಿಸಿ ಆ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ಬೆಲೆ ಹಲವು ಪಟ್ಟು. ಆದರೆ ನಮ್ಮ ಶಿರಾ ಸೀಮೆಯ ಬಿಸಿಲಿನಲ್ಲಿ ಪ್ಲೇಟು ಅರವತ್ತು ಡಿಗ್ರಿಗೂ ಮೇಲೆ ಕಾದರೆ ಅದರ ವೋಲ್ಟು ತಾನಾಗಿಯೇ ಇಳಿಯುತ್ತದೆ. ಆಗ ಶ್ರೀಮಂತ ಪೆಟ್ಟಿಗೆ ಉಳಿಸಬೇಕಾದ ನಷ್ಟವೇ ಅಷ್ಟಿರುವುದಿಲ್ಲ. ಇಪ್ಪತ್ತು ವ್ಯಾಟಿಗೆ ಅದನ್ನು ಕಟ್ಟುವುದು ಸೌತೆಕಾಯಿ ಹೊರಲು ಲಾರಿ ತಂದಂತೆ. ಪ್ಲೇಟು ದೊಡ್ಡದಾಗಿ, ಎಪ್ಪತ್ತೆರಡು ಬಿಲ್ಲೆಗಳದ್ದಾಗಿ, ಬ್ಯಾಟರಿ ಮಾತ್ರ ಹನ್ನೆರಡು ವೋಲ್ಟಿನದೇ ಆಗಿದ್ದರೆ ಮಾತು ಬೇರೆ. ಅಲ್ಲಿ ಬಡ ಪೆಟ್ಟಿಗೆ ಅರ್ಧದಷ್ಟು ಶಕ್ತಿಯನ್ನು ಗಾಳಿಗೆ ತೂರುತ್ತದೆ.

ಅಂಗಡಿಯಲ್ಲಿ ಅಗ್ಗದ ಪೆಟ್ಟಿಗೆಗಳ ಮೇಲೂ ಎಂ.ಪಿ.ಪಿ.ಟಿ. ಎಂದು ಬರೆದಿರುತ್ತದೆ. ಬರೆಯುವುದಕ್ಕೆ ಖರ್ಚೇನು? ಕೈಯಲ್ಲಿ ಎತ್ತಿ ನೋಡಿದರೆ ಹಕ್ಕಿಗರಿಯಂತೆ ಹಗುರ. ತಾಮ್ರದ ಸುರುಳಿಯಿಲ್ಲದೆ ಆ ಕೆಲಸ ಆಗುವುದೆಂತು? ಬ್ಯಾಟರಿ ಅರ್ಧ ತುಂಬಿರುವಾಗ ಬಿಸಿಲಿಗೆ ಕಟ್ಟಿ ಮೀಟರು ಇಟ್ಟರೆ ಇನ್ನೂ ಖಚಿತವಾಗಿ ತಿಳಿಯುತ್ತದೆ: ಪ್ಲೇಟಿನ ತುದಿಯಲ್ಲಿಯೂ ಬ್ಯಾಟರಿಯ ತುದಿಯಲ್ಲಿಯೂ ಹೆಚ್ಚುಕಡಿಮೆ ಒಂದೇ ವೋಲ್ಟು ಕಂಡರೆ ಹೆಸರು ಏನೇ ಇರಲಿ, ಅದು ಬಡ ಜಾತಿಯದೇ. ಬಡತನ ತಪ್ಪಲ್ಲ, ಸುಳ್ಳು ತಪ್ಪು. ಈ ಸುಳ್ಳಿಗೆ ರೇಗಿಯೇ ನಾನು ಕೊಳ್ಳುವುದನ್ನು ಬಿಟ್ಟು, ಬಿಡಿಭಾಗಗಳನ್ನು ಕಟ್ಟಿಸಿಕೊಂಡು ಮನೆಗೆ ಬಂದೆ. ನಾನೇ ಮಾಡಿದ್ದರಲ್ಲಿ ಸುಳ್ಳಿರುವುದಿಲ್ಲವಲ್ಲ ಎಂಬ ಅಹಂಕಾರ.

ಹತ್ತು ದಿನ ಬೆಸುಗೆಯ ಹೊಗೆ ಕುಡಿದು ಪೆಟ್ಟಿಗೆ ಮಾಡಿದೆ. ರಾತ್ರಿ ಬ್ಯಾಟರಿಯಿಂದ ಪ್ಲೇಟಿಗೆ ಹಿಮ್ಮುಖವಾಗಿ ಹರಿಯದಂತೆ ಡಯೋಡು, ಬ್ಯಾಟರಿಯ ಬುಡದಲ್ಲಿಯೇ ಫ್ಯೂಸು, ಕಾವು ಹೆಚ್ಚಿದಂತೆ ತುಂಬುವ ಮಿತಿಯನ್ನು ತಾನೇ ತಗ್ಗಿಸಿಕೊಳ್ಳುವ ಏರ್ಪಾಡು, ಯಾವುದನ್ನೂ ಬಿಡಲಿಲ್ಲ. ಸಾಕೆನ್ನುವ ಗೆರೆಯನ್ನು ಹನ್ನೊಂದೂವರೆಗಿಂತ ಇನ್ನೂ ಸ್ವಲ್ಪ ಮೇಲೆ, ಹನ್ನೊಂದು ಮುಕ್ಕಾಲಿಗೆ ಎಳೆದೆ. ಬ್ಯಾಟರಿ ಹೆಚ್ಚು ಕಾಲ ಬಾಳಲಿ, ಬಡವರ ದುಡ್ಡು ಉಳಿಯಲಿ ಎಂಬುದು ನನ್ನ ಯೋಚನೆ. ಒಮ್ಮೆ ಕಡಿದ ಮೇಲೆ, ಹನ್ನೆರಡೂವರೆಗೆ ಏರುವ ತನಕ ದೀಪ ಮತ್ತೆ ಹತ್ತದಂತೆಯೂ ಮಾಡಿದೆ. ಇಲ್ಲದಿದ್ದರೆ ದೀಪ ಆರಿದೊಡನೆ ಬ್ಯಾಟರಿ ಕೊಂಚ ಚೇತರಿಸಿ, ಮತ್ತೆ ಹತ್ತಿ, ಮತ್ತೆ ಆರಿ, ಕಣ್ಣುಮುಚ್ಚಾಲೆ ಆಡುತ್ತದೆ. ಪುಸ್ತಕದ ಪ್ರಕಾರ ಇದೆಲ್ಲ ಸರಿ. ಈಗಲೂ ಸರಿಯೇ.

ಕಾರ್ತೀಕದಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಮೋಡ ಬಂದು ನಾಲ್ಕು ದಿನ ಸೂರ್ಯನ ಮುಖ ಕಾಣಲಿಲ್ಲ. ಐದನೆಯ ದಿನ ಬೆಳಗಿನ ಜಾವ ಯಜಮಾನರು ಹದಿನಾಲ್ಕು ವರ್ಷದ ಮಗನನ್ನು ಕೂರಿಸಿಕೊಂಡು ಬಲೆ ಎತ್ತಲು ಹೋಗಿದ್ದರು. ಮೊಬೈಲನ್ನೂ ಅದೇ ಪೆಟ್ಟಿಗೆಗೆ ಚಾರ್ಜಿಗೆಂದು ಸಿಕ್ಕಿಸಿದ್ದರು. ಅರ್ಧ ಬಲೆ ಎತ್ತಿದ್ದಾಗ ದೀಪ ಆರಿತು. ಮುಳುಗಡೆಯಾದ ಜಾಲಿಯ ಮರಗಳು ಕೆರೆಯ ಆ ಭಾಗದಲ್ಲಿ ನೀರಿನ ಮಟ್ಟಕ್ಕೆ ತಲೆಯಿಟ್ಟುಕೊಂಡು ನಿಂತಿರುತ್ತವೆ. ಕತ್ತಲಲ್ಲಿ ಹರಿಗೋಲು ತಿರುಗಿ ಅವುಗಳ ನಡುವೆ ನುಗ್ಗಿತು. ಬಲೆ ಸಿಕ್ಕಿಕೊಂಡಿತು, ಬಿಡಿಸಲು ಹೋದ ಯಜಮಾನರ ಮುಂಗೈ ಮೊಣಕೈಯವರೆಗೆ ಸೀಳಿತು. ಬೆಳಕು ಹರಿಯುವ ತನಕ ತಂದೆ ಮಗ ಒಂದು ಕೊಂಬೆ ಹಿಡಿದು ಕೂತಿದ್ದರು. ಹುಡುಗನಿಗೆ ಈಜು ಬರುತ್ತದೆ. ಆದರೆ ಮುಳ್ಳಿನ ನಡುವೆ ಈಜು ಯಾವ ಕೆಲಸಕ್ಕೆ?

ಮುಂದಿನ ತಿಂಗಳು ನಾನು ಹೋದಾಗ ಯಜಮಾನರ ಕೈಗೆ ಇನ್ನೂ ಬಟ್ಟೆ ಸುತ್ತಿತ್ತು. ಪೆಟ್ಟಿಗೆಯನ್ನು ನೋಡಿದೆ. ನಾನು ಅಷ್ಟು ಅಚ್ಚುಕಟ್ಟಾಗಿ ಕೂರಿಸಿದ್ದ ಸಾಧನಗಳನ್ನೆಲ್ಲ ಬದಿಗಿರಿಸಿ, ಬ್ಯಾಟರಿಯಿಂದ ದೀಪಕ್ಕೆ ನೇರ ಒಂದು ತಂತಿ ಎಳೆದಿದ್ದರು. ನನಗೆ, ನಾಚಿಕೆಯಿಂದ ಹೇಳುತ್ತೇನೆ, ಮೊದಲು ಬಂದದ್ದು ಕೋಪ.

"ಏನು ಯಜಮಾನ್ರೇ, ಹೀಗೆ ಮಾಡಿದರೆ ಬ್ಯಾಟರಿ ವರ್ಷದಲ್ಲಿ ಸಾಯುತ್ತದೆ" ಎಂದೆ.

"ಸಾಯ್ಲಿ ಬಿಡಿ ಮೇಷ್ಟ್ರೇ. ಆವತ್ತು ದೀಪ ಆರ್ತಲ್ಲ, ಆಗ ಬ್ಯಾಟ್ರೀಲಿ ಏನೂ ಇರಲಿಲ್ವ?"

ನಾನು ಸುಳ್ಳು ಹೇಳಬಹುದಾಗಿತ್ತು. "ಇತ್ತು. ಒಂದು ಪಾಲು ಮಿಕ್ಕೇ ಇತ್ತು" ಎಂದೆ.

"ದಡಕ್ಕೆ ಬರೋವಷ್ಟು?"

"ಬರುವಷ್ಟು ಇತ್ತು."

ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಲ್ಲ ಮೇಷ್ಟ್ರೇ, ಆರೋಕ್ ಮುಂಚೆ ಒಂದ್ ಮಾತೂ ಹೇಳಲ್ವಲ್ಲ ಇದು. ನೀರುಗಂಟಿ ಅಂದ್ಕೊಂಡಿದ್ದೆ. ನೀರುಗಂಟಿ ಆದ್ರೆ ತೂಬು ಮುಚ್ಚೋಕ್ ಮುಂಚೆ ಕೂಗಿ ಹೇಳ್ತಿದ್ದ" ಎಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಯಾವ ತಪ್ಪು ಮಾಡಿದೆ? ಲೆಕ್ಕದಲ್ಲಿ ತಪ್ಪಿಲ್ಲ. ಉದ್ದೇಶದಲ್ಲಿಯೂ ತಪ್ಪಿಲ್ಲ, ಅವರ ಹಿತಕ್ಕೇ ಗೆರೆ ಎಳೆದದ್ದು. ಆದರೆ ಆ ಗೆರೆಯನ್ನು ಎಳೆದದ್ದು ಬೆಂಗಳೂರಿನಲ್ಲಿ, ಫ್ಯಾನಿನ ಕೆಳಗೆ, ಮೇಜಿನ ಮುಂದೆ ಕುಳಿತು. ಅದು ಸಾಕೆಂದದ್ದು ಇನ್ನೊಬ್ಬರಿಗೆ, ನಡುನೀರಿನಲ್ಲಿ, ಕತ್ತಲಲ್ಲಿ. ಆ ಹೊತ್ತಿಗೆ ಏಕೆ ಸಾಕು ಎಂದು ಕೇಳಬೇಕೆಂದರೆ ಅಲ್ಲಿ ನಾನಿರಲಿಲ್ಲ. ಪೆಟ್ಟಿಗೆ ಬ್ಯಾಟರಿಯ ಪಕ್ಷ ವಹಿಸಿತು. ಮನುಷ್ಯನ ಪಕ್ಷ ವಹಿಸುವವರು ಅಲ್ಲಿ ಯಾರೂ ಇರಲಿಲ್ಲ. ಕನ್ನಡದಲ್ಲಿ 'ಸಾಕು' ಎಂದರೆ ನಿಲ್ಲಿಸು ಎಂದೂ ಆಗುತ್ತದೆ, ಸಲಹು ಎಂದೂ ಆಗುತ್ತದೆ. ನಾನು ಎರಡನೆಯದನ್ನು ಮಾಡುತ್ತಿದ್ದೇನೆಂದು ತಿಳಿದು ಮೊದಲನೆಯದನ್ನು ಮಾಡಿದ್ದೆ.

ಮನೆಯಲ್ಲಿ ಹಿರಿಯರು ಕಿರಿಯರಿಗೆ, ವೈದ್ಯ ರೋಗಿಗೆ, ಸರ್ಕಾರ ಪ್ರಜೆಗೆ ಸಾಕೆನ್ನುವುದು ದಿನನಿತ್ಯದ ಸಂಗತಿ. ಹಿತಕ್ಕಾಗಿಯೇ ಹೇಳುತ್ತಾರೆ, ಅನೇಕ ವೇಳೆ ಅವರು ಹೇಳುವುದು ಸರಿಯೂ ಆಗಿರುತ್ತದೆ. ಸಕ್ಕರೆ ಕಾಯಿಲೆಯವನ ಮುಂದಿನಿಂದ ಮೈಸೂರು ಪಾಕಿನ ತಟ್ಟೆಯನ್ನು ಎಳೆದುಕೊಳ್ಳುವ ಹೆಂಡತಿಯನ್ನು ಯಾರು ದೂರುತ್ತಾರೆ? ಆದರೆ ಆ ಹೆಂಡತಿ ಎದುರಿಗೆ ಇದ್ದಾಳೆ. ಜಗಳವಾಡಬಹುದು, ಬೇಡಿಕೊಳ್ಳಬಹುದು, ಇವತ್ತು ಹಬ್ಬವೆಂದು ವಾದಿಸಬಹುದು. ಅವಳೂ ತಟ್ಟೆಯನ್ನು ನೋಡಿ, ಮುಖವನ್ನು ನೋಡಿ ಅರ್ಧ ತುಂಡು ಮುರಿದುಕೊಡಬಹುದು. ಸಾಕೆನ್ನುವವರು ಸರಿಯೋ ತಪ್ಪೋ ಎನ್ನುವುದಕ್ಕಿಂತ, ಅವರು ಪ್ರಶ್ನೆಗೆ ಸಿಕ್ಕುತ್ತಾರೆಯೇ ಇಲ್ಲವೇ ಎಂಬುದು ನನಗೆ ಈಗ ದೊಡ್ಡದಾಗಿ ಕಾಣುತ್ತದೆ.

ಯಜಮಾನರು ನೀರುಗಂಟಿಯ ಹೆಸರೆತ್ತಿದ್ದು ಸುಮ್ಮನಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹನ್ನೆರಡು ಆಯಗಾರರ ಪೈಕಿ ಅವನೊಬ್ಬ. ತೂಬು ತೆರೆಯುವುದು, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವುದು, ಕಡಿಮೆ ಬಿದ್ದಾಗ ಮುಚ್ಚುವುದು ಅವನ ಕೆಲಸ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೆ ಕಾಳಿನ ಪಾಲು. ಮುಚ್ಚಿದವನು ಮರುದಿನ ಅದೇ ಬೀದಿಯಲ್ಲಿ ನಡೆಯಬೇಕು. ಯಾರ ಗದ್ದೆ ಒಣಗಿತೋ ಅವನ ಹೆಂಡತಿಯ ಬಾಯಿಗೆ ಸಿಕ್ಕಬೇಕು. ಹೀಗಾಗಿ ಅವನು ಮುಚ್ಚುವ ಮೊದಲು ಕೂಗಿ ಹೇಳುತ್ತಿದ್ದುದು ದಯೆಯಿಂದ ಮಾತ್ರವಲ್ಲ, ಭಯದಿಂದಲೂ ಇರಬಹುದು. ಇರಲಿ. ಅಂಥ ಭಯ ಒಳ್ಳೆಯದೇ.

ಹಿಂದಿನದೆಲ್ಲ ಹೊನ್ನು ಎನ್ನುವ ಗುಂಪಿಗೆ ಸೇರಿದವನಲ್ಲ ನಾನು. ಈ ನೀರುಗಂಟಿ ಬಹುಪಾಲು ಊರುಗಳಲ್ಲಿ ಕೆಳಗಿನ ಜಾತಿಯವನು. ಅವನ 'ಸಾಕು' ಬಡವನ ಗದ್ದೆಯ ಮುಂದೆ ಗಟ್ಟಿಯಾಗಿ, ಪಟೇಲನ ಗದ್ದೆಯ ಮುಂದೆ ಮೆತ್ತಗೆ ಕೇಳಿಸುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾನೂನು ರದ್ದುಪಡಿಸಿದಾಗ ಎಷ್ಟೋ ಜನ ನಿಟ್ಟುಸಿರು ಬಿಟ್ಟಿರಬೇಕು. ಪೆಟ್ಟಿಗೆಗೆ ಜಾತಿಯಿಲ್ಲ. ಅದು ಪಟೇಲನಿಗೂ ಬಡವನಿಗೂ ಹನ್ನೊಂದು ಮುಕ್ಕಾಲಿಗೇ ಸಾಕೆನ್ನುತ್ತದೆ. ಹೆಂಡ ಕುಡಿಸಿದರೆ ತೂಬು ತೆರೆಯುವುದಿಲ್ಲ. ನನ್ನ ಸ್ನೇಹಿತರೊಬ್ಬರು, ನಿವೃತ್ತ ಇಂಜಿನಿಯರು, ಈ ಪಕ್ಷವನ್ನು ಬಲವಾಗಿ ಹಿಡಿದು ವಾದಿಸಿದರು: "ಮನುಷ್ಯನ ಕೈಗೆ ಬಿಟ್ಟರೆ ಆಸೆಗೆ ಬೀಳುತ್ತಾನೆ. ಇವತ್ತಿನ ಬೆಳಕಿಗಾಗಿ ನಾಳೆಯ ಬ್ಯಾಟರಿ ತಿನ್ನುತ್ತಾನೆ. ಅದಕ್ಕಾಗಿಯೇ ಯಂತ್ರ." ಅವರ ಮಾತಿನಲ್ಲಿ ಸತ್ಯವುಂಟು. ಆದರೆ ಯಂತ್ರದ ನಿಷ್ಪಕ್ಷಪಾತ ಎಂಬುದು ಅದನ್ನು ಮಾಡಿದವನ ಪಕ್ಷಪಾತವನ್ನು ಒಳಗೆ ಮುಚ್ಚಿಟ್ಟುಕೊಂಡ ನಿಷ್ಪಕ್ಷಪಾತ. ನನಗೆ ಬ್ಯಾಟರಿಯ ಬೆಲೆ ಗೊತ್ತಿತ್ತು, ಜಾಲಿಯ ಮುಳ್ಳು ಗೊತ್ತಿರಲಿಲ್ಲ. ಪೆಟ್ಟಿಗೆ ಈ ಅಜ್ಞಾನವನ್ನೇ ಎಲ್ಲರಿಗೂ ಸಮನಾಗಿ ಹಂಚಿತು.

ಸಮುದ್ರದವರು ಇದನ್ನು ಹೇಗೆ ನಿಭಾಯಿಸುತ್ತಾರೆಂದು ತಿಳಿಯುವ ಕುತೂಹಲ ಹುಟ್ಟಿ ಒಂದಷ್ಟು ಓದಿದೆ. ಹಾಯಿದೋಣಿಗಳಲ್ಲಿ ಒಬ್ಬರೋ ಇಬ್ಬರೋ ತಿಂಗಳುಗಟ್ಟಲೆ ಸಾಗರದ ಮೇಲೆ ಹೋಗುವುದುಂಟು. ನಮ್ಮ ನೌಕಾದಳದ ಅಭಿಲಾಷ್ ಟಾಮಿಯವರು 2012ರ ನವೆಂಬರಿನಲ್ಲಿ 'ಮಾದೇಯಿ' ಎಂಬ ದೋಣಿಯಲ್ಲಿ ಮುಂಬಯಿಯಿಂದ ಒಬ್ಬರೇ ಹೊರಟು, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿ 2013ರಲ್ಲಿ ಮರಳಿದರು. 2017-18ರಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು 'ತಾರಿಣಿ'ಯಲ್ಲಿ ಜಗತ್ತನ್ನು ಸುತ್ತಿ ಬಂದರು. ಇಷ್ಟು ದೊಡ್ಡ ಸಾಹಸಕ್ಕಲ್ಲದಿದ್ದರೂ ಸ್ವಂತ ಹಾಯಿದೋಣಿ ಇಟ್ಟುಕೊಂಡ ಸಾಮಾನ್ಯರು ಇಂದು ಲೋಕದಲ್ಲಿ ಲಕ್ಷಾಂತರ ಮಂದಿ. ಅವರ ದೋಣಿಗಳಲ್ಲಿಯೂ ಇದೇ ಪ್ಲೇಟು, ಇದೇ ಬ್ಯಾಟರಿ, ಇದೇ ಪೆಟ್ಟಿಗೆ. ಯಾವ ಪೆಟ್ಟಿಗೆ ಲೇಸೆಂಬ ಅದೇ ಮುಗಿಯದ ಜಗಳ. ಆದರೆ ಅವರಲ್ಲಿ ಒಂದು ರೂಢಿಯನ್ನು ಕಂಡು ನಾನು ಪುಸ್ತಕ ಮಡಿಚಿಟ್ಟೆ. ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಪಂಪನ್ನು ಅವರು ಸಾಮಾನ್ಯವಾಗಿ ಇತರ ದೀಪ, ರೇಡಿಯೊಗಳ ಸಾಲಿಗೆ ಸೇರಿಸುವುದಿಲ್ಲ. ಮುಖ್ಯ ಸ್ವಿಚ್ಚು ಆರಿದ್ದರೂ ಅದು ನಡೆಯಬೇಕು. ಅದಕ್ಕೆ ಬ್ಯಾಟರಿಯಿಂದಲೇ ನೇರ ತಂತಿ; ಬೆಂಕಿಯ ಭಯಕ್ಕೆ ಒಂದು ಫ್ಯೂಸು ಮಾತ್ರ ನಡುವೆ. ಬ್ಯಾಟರಿ ಸಾಯುವುದಾದರೆ ಸಾಯಲಿ, ಪಂಪು ನಿಲ್ಲಕೂಡದು. ಯಜಮಾನರು ಎಳೆದಿದ್ದ ಆ ನೇರ ತಂತಿಗೂ ಇದಕ್ಕೂ ಏನು ವ್ಯತ್ಯಾಸ? ಫ್ಯೂಸು ಹಾಕಿರಲಿಲ್ಲ, ಅಷ್ಟೆ. ನಾನು ಮೂರ್ಖತನವೆಂದು ರೇಗಿದ್ದು ಸಮುದ್ರದಲ್ಲಿ ವಿವೇಕವೆಂದು ನಡೆಯುತ್ತದೆ.

ಇನ್ನೊಂದು ಸಂಗತಿ. ಹಡಗುಗಳು ಡಿಕ್ಕಿಯಾಗದಂತೆ 1972ರಲ್ಲಿ ಮಾಡಿದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಪ್ರತಿಯೊಂದು ಹಡಗೂ ರಾತ್ರಿ ಯಾವ ಬಣ್ಣದ ದೀಪವನ್ನು ಎಲ್ಲಿ ಇಡಬೇಕೆಂದು ವಿಸ್ತಾರವಾಗಿ ಹೇಳಿದೆ. ಏಳು ಮೀಟರಿಗಿಂತ ಚಿಕ್ಕ ಹಾಯಿದೋಣಿಗೂ ಹುಟ್ಟು ಹಾಕುವ ದೋಣಿಗೂ ಮಾತ್ರ ಒಂದು ವಿನಾಯಿತಿ: ಆ ದೀಪಗಳನ್ನು ಇಡಲಾಗದಿದ್ದರೆ ಬೇಡ, ಆದರೆ ಒಂದು ಬ್ಯಾಟರಿ ಟಾರ್ಚೋ ಉರಿಯುವ ಲಾಟೀನೋ ಕೈಗೆ ಸಿಕ್ಕುವಂತೆ ಇರಲೇಬೇಕು, ಅಪಾಯ ಒದಗುವ ಮೊದಲು ಎತ್ತಿ ತೋರಿಸಬೇಕು. ನಮ್ಮ ಕೆರೆಗೆ ಆ ನಿಯಮ ಅನ್ವಯಿಸುವುದಿಲ್ಲ. ಆದರೂ ನಿಯಮ ಬರೆದವರು ಯಾವುದೋ ಒಂದು ಹೊತ್ತಿನಲ್ಲಿ ಹರಿಗೋಲಿನ ಮನುಷ್ಯನನ್ನು ನೆನೆದಂತೆ ನನಗೆ ಭಾಸವಾಯಿತು. ನಾನು ನೆನೆದಿರಲಿಲ್ಲ.

ಕಳ್ಳಂಬೆಳ್ಳದಿಂದ ಶಿರಾ, ಮಧುಗಿರಿಗಳ ಆಚೆ ಹೋದರೆ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಹದಿಮೂರು ಸಾವಿರ ಎಕರೆಯಲ್ಲಿ ಇದೇ ಪ್ಲೇಟುಗಳ ಕಡಲು ಹರಡಿದೆ. ಐದು ಹಳ್ಳಿಗಳ ಹೊಲ. 2018ರಲ್ಲಿ ಆರಂಭವಾಗಿ, 2050 ಮೆಗಾವ್ಯಾಟಿನ ಸಾಮರ್ಥ್ಯಕ್ಕೆ ಬೆಳೆದಿದೆ. ರೈತರು ಜಮೀನು ಮಾರಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಕೊಟ್ಟಿದ್ದಾರೆ. ನೋಡಿ ಬಂದಿದ್ದೇನೆ, ಬೆರಗಾಗುತ್ತದೆ. ಆದರೆ ಅಲ್ಲಿ ಹುಟ್ಟಿದ ವಿದ್ಯುತ್ತು ಎಷ್ಟು ಬೇಕು, ಎಷ್ಟು ಸಾಕು ಎಂಬ ತೀರ್ಮಾನ ಪ್ಲೇಟಿನ ಬುಡದಲ್ಲಿ ಆಗುವಂಥದಲ್ಲ, ದೂರದ ಕೋಣೆಯಲ್ಲಿ ಪರದೆಯ ಮುಂದೆ ಕೂತವರದು. ಅದು ತಪ್ಪೆಂದು ನಾನು ಹೇಳಲಾರೆ. ಅಷ್ಟು ದೊಡ್ಡ ಜಾಲ ಬೇರೆ ಹೇಗೆ ನಡೆದೀತು? ಹಳ್ಳಿಯ ಮನೆಯಲ್ಲಿ ಪರೀಕ್ಷೆಗೆ ಓದುತ್ತಿರುವ ಹುಡುಗಿಯ ದೀಪ ಆರಿದಾಗ ಅವಳು ಕೇಳಬೇಕಾದದ್ದು ಯಾರನ್ನು ಎಂಬುದು ಮಾತ್ರ ನನಗೆ ಹೊಳೆಯದು. ಲೈನ್‌ಮನ್ನನ್ನು ಕೇಳುತ್ತಾಳೆ. ಅವನು ಮೇಲೆ ಕೈ ತೋರಿಸುತ್ತಾನೆ.

ಮನೆಯಲ್ಲಿ ಮಾಡಿದ ಪೆಟ್ಟಿಗೆಯ ಹೆಚ್ಚಳ ಅಗ್ಗವೆಂಬುದಲ್ಲ. ಲೆಕ್ಕ ಹಾಕಿದರೆ ನನ್ನ ಪೆಟ್ಟಿಗೆ ಅಂಗಡಿಯದಕ್ಕಿಂತ ದುಬಾರಿಯೇ ಬಿತ್ತು. ಚೆನ್ನಾಗಿರುತ್ತದೆ ಎಂಬುದೂ ಅಲ್ಲ. ಅದನ್ನು ಮಾಡಿದವನು ತಿಂಗಳಿಗೊಮ್ಮೆಯಾದರೂ ಏರಿಯ ಮೇಲೆ ಸಿಕ್ಕುತ್ತಾನೆ. ಕೈಗೆ ಬಟ್ಟೆ ಸುತ್ತಿಕೊಂಡವರು ಅವನ ಮುಂದೆ ನಿಲ್ಲಬಹುದು. ಅಂಗಡಿಯ ಪೆಟ್ಟಿಗೆ ಹೀಗೆ ಮಾಡಿದ್ದರೆ ಯಜಮಾನರು ಯಾರ ಮುಂದೆ ನಿಲ್ಲುತ್ತಿದ್ದರು?

ಎರಡನೆಯ ಪೆಟ್ಟಿಗೆಯನ್ನು ನಾನು ಬೆಂಗಳೂರಿನಲ್ಲಿ ಮಾಡಲಿಲ್ಲ. ಬೆಸುಗೆ ಕಡ್ಡಿಯನ್ನು ಕಳ್ಳಂಬೆಳ್ಳಕ್ಕೇ ಒಯ್ದು, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದೆ. ಹನ್ನೆರಡು ವೋಲ್ಟಿಗೆ ಇಳಿದಾಗ ಒಂದು ಬಜರು ಮೂರು ಸಲ ಕೂಗುತ್ತದೆ. ನೀರುಗಂಟಿಯ ಕೂಗು ಅದು. ಆಮೇಲೆ ಮೊಬೈಲಿನ ತಂತಿ ಮೊದಲು ಕಡಿಯುತ್ತದೆ, ದೀಪ ಉಳಿಯುತ್ತದೆ. ಹನ್ನೊಂದು ಮುಕ್ಕಾಲಿಗೆ ದೀಪ ಅರ್ಧ ಮಂಕಾಗುತ್ತದೆ. ಪೂರ್ತಿ ಆರಿಸುವ ಗೆರೆಯನ್ನು ಎಲ್ಲಿ ಎಳೆಯಲಿ ಎಂದು ಕೇಳಿದೆ. "ಎಳೀಬೇಡಿ, ಒಂದ್ ಸ್ವಿಚ್ ಕೊಡಿ" ಎಂದರು. ಕೊಟ್ಟೆ. ಹಾಕಿದರೆ ಪೆಟ್ಟಿಗೆ ಬಾಯಿ ಮುಚ್ಚಿಕೊಳ್ಳುತ್ತದೆ; ಬ್ಯಾಟರಿ ಕೊನೆಯ ತೊಟ್ಟಿನ ತನಕ ಅವರದು. ಹರಿಗೋಲಿನಲ್ಲಿ ಒಂದು ಟಾರ್ಚನ್ನೂ ಕಟ್ಟಿದೆವು.

ಇಲ್ಲಿಗೆ ಕಥೆ ಸುಖಾಂತವಾಗಿದ್ದರೆ ನಾನೂ ಒಂದು ಉಪದೇಶ ಹೇಳಿ ಮುಗಿಸಬಹುದಾಗಿತ್ತು. ಆಗಲಿಲ್ಲ. ನನ್ನ ಇಂಜಿನಿಯರು ಸ್ನೇಹಿತರು ಹೇಳಿದಂತೆಯೇ ಆಯಿತು. ಆಪತ್ತಿಗೆಂದು ಕೊಟ್ಟ ಸ್ವಿಚ್ಚನ್ನು ಯಜಮಾನರು ಮೊದಮೊದಲು ಆಪತ್ತಿಗೆ, ಆಮೇಲೆ ಅವಸರಕ್ಕೆ, ಕೊನೆಗೆ ಅಭ್ಯಾಸಕ್ಕೆ ಒತ್ತಿದರು. ಒಂದೂವರೆ ವರ್ಷಕ್ಕೆ ಬ್ಯಾಟರಿ ಸತ್ತಿತು. ಹೊಸದಕ್ಕೆ ಕೊಟ್ಟ ದುಡ್ಡು ಹಲವು ದಿನದ ಮೀನಿನ ದುಡ್ಡು. ಅವರ ಮನೆಯಾಕೆ ನನ್ನ ಕಡೆಗೂ ಒಂದು ನೋಟ ನೋಡಿದರು. ಮೊದಲಿನ ಗೆರೆ ಇದ್ದಿದ್ದರೆ ಅದು ಇನ್ನೂ ಎರಡು ವರ್ಷ ಬಾಳುತ್ತಿತ್ತೆಂದು ನನಗೆ ಗೊತ್ತು. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದುದು ಸೌಜನ್ಯವೋ ಪುಕ್ಕಲುತನವೋ ಇನ್ನೂ ತೀರ್ಮಾನವಾಗಿಲ್ಲ. ಅವರಿಗೆ ನಾನು ಸ್ವಾತಂತ್ರ್ಯ ಕೊಟ್ಟೆನೋ, ಮತ್ತೊಮ್ಮೆ ನಷ್ಟಕ್ಕೆ ಗುರಿಮಾಡಿ ಕೈ ತೊಳೆದುಕೊಂಡೆನೋ? ಬಜರು ಕೂಗಿತ್ತು, ಅವರಿಗೆ ಕೇಳಿಸಿತ್ತು, ಆಯ್ಕೆ ಅವರದು ಎಂದು ನ್ಯಾಯಾಲಯದಲ್ಲಿ ವಾದಿಸಬಹುದು. ಏರಿಯ ಮೇಲೆ ನಿಂತು ಹಾಗೆ ವಾದಿಸುವುದು ಕಷ್ಟ.

ಕಳೆದ ಬಾರಿ ಹೋದಾಗ ಯಜಮಾನರು ಇನ್ನೊಂದು ಕೆಲಸ ಹೇಳಿದರು. ಮನೆಯಲ್ಲಿ ಕರೆಂಟು ಹೋದಾಗ ಉರಿಸಲೆಂದು ಒಂದು ದೊಡ್ಡ ಬ್ಯಾಟರಿ, ನೂರು ವ್ಯಾಟಿನ ಪ್ಲೇಟು ತಂದಿದ್ದಾರೆ. ಅದಕ್ಕೂ ಪೆಟ್ಟಿಗೆ ಆಗಬೇಕು.

"ಅದೇ ಥರ ಬಜರು, ಸ್ವಿಚ್ಚು ಹಾಕಲೇ?" ಎಂದೆ.

"ಅಯ್ಯೋ ಬೇಡಿ ಮೇಷ್ಟ್ರೇ. ಇದಕ್ಕೆ ಮೊದಲ್ನೇದು ಮಾಡಿದ್ರಲ್ಲ, ಅದೇ ಇರಲಿ. ಹನ್ನೊಂದು ಮುಕ್ಕಾಲು. ಇಲ್ದಿದ್ರೆ ಹುಡುಗ ರಾತ್ರಿಯೆಲ್ಲ ಮೊಬೈಲ್ ನೋಡಿ ಖಾಲಿ ಮಾಡ್ತಾನೆ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಹುಡುಗ, ಅವನಿಗೀಗ ಹದಿನೆಂಟು, ಬಾಗಿಲಲ್ಲಿ ನಿಂತು ಕೇಳುತ್ತಿದ್ದವನು, "ಅಪ್ಪಂಗೆ ಮಾತ್ರ ಸ್ವಿಚ್ಚು?" ಎಂದ. ಯಾರೂ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಯಜಮಾನರು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ, ಒಂದು ಸ್ವಿಚ್ಚನ್ನು ಪೆಟ್ಟಿಗೆಯ ತಳದಲ್ಲಿ, ಹುಡುಗನ ಕಣ್ಣಿಗೆ ಬೀಳದ ಹಾಗೆ ಕೂರಿಸಲು ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದೆ. ತೂತು ಕೊರೆಯುತ್ತಿದ್ದಾಗ ಹುಡುಗನೇ ಬಂದು ಪೆಟ್ಟಿಗೆಯನ್ನು ಅಲುಗಾಡದಂತೆ ಹಿಡಿದುಕೊಂಡ.